ಕಾರ್ನರ್‌ಗೆ ಆಫ್‌ಸೈಡ್ ಇಲ್ಲ ಅಂತ ಕೂಗಿದ ಶನಿವಾರ

ಹೋದ ವರ್ಷ ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ನಾನು 14 ವರ್ಷದ ಒಬ್ಬ ಹುಡುಗಿಯ ಮೇಲೆ ಕೂಗಾಡಿದೆ. ಅವಳು ನನ್ನ ಮಗಳಲ್ಲ, ನನ್ನ ಮಗಳ ಪಂದ್ಯದ ರೆಫರಿ. ತಪ್ಪು ಅವಳದಾಗಿರಲಿಲ್ಲ, ನನ್ನದು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯೋದು ಸ್ವಲ್ಪ ಸುಲಭ ಆಗುತ್ತೆ.

ನಾವಿರೋದು ಅಮೆರಿಕದ ನಾರ್ತ್ ಕೆರೊಲೈನಾದ ಕ್ಯಾರಿ ಅನ್ನೋ ಊರಲ್ಲಿ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡೋ ಆಟ. ನಮ್ಮ ಫುಟ್‌ಬಾಲ್‌ಗೆ ಸಾಕರ್ ಅಂತಾರೆ. ಶನಿವಾರ ಬಂತೆಂದರೆ ಊರಿನ ಅಪ್ಪ ಅಮ್ಮಂದಿರೆಲ್ಲ ಮಡಚೋ ಕುರ್ಚಿ, ಕಿತ್ತಳೆ ಹೋಳು, ಫ್ಲಾಸ್ಕ್ ತುಂಬಾ ಕಾಫಿ ಹಿಡಿದು ಮೈದಾನದ ಪಕ್ಕ ಸಾಲಾಗಿ ಕೂರುತ್ತಾರೆ. ನಾನು ದಾವಣಗೆರೆಯವಳು, ಕ್ರಿಕೆಟ್ ನೋಡಿಕೊಂಡು ಬೆಳೆದವಳು. ಎಲ್‌ಬಿಡಬ್ಲ್ಯೂ ವಿಚಾರಕ್ಕೆ ಅಪ್ಪನ ಜೊತೆ ಅರ್ಧ ಗಂಟೆ ವಾದ ಮಾಡಬಲ್ಲೆ. ಸಾಕರ್ ಮಾತ್ರ ನನಗೆ ಮಗಳಿಂದ ಬಂದ ಸಂಬಂಧ. ಅವಳು ಆಡ್ತಾಳೆ, ನಾನು ಚಪ್ಪಾಳೆ ತಟ್ತೀನಿ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಆ ದಿನ ಸ್ಕೋರ್ 1-1. ಮುಗಿಯೋಕೆ ಎರಡು ನಿಮಿಷ ಇರಬಹುದು. ನಮಗೆ ಕಾರ್ನರ್ ಕಿಕ್ ಸಿಕ್ತು. ಮಗಳು ಮೂಲೆಯ ಬಾವುಟದ ಹತ್ತಿರ ಚೆಂಡು ಇಟ್ಟಳು. ಎಲ್ಲರೂ ಗೋಲಿನ ಮುಂದೆ ಗುಂಪು ಕಟ್ಟಿ ನಿಂತಿದ್ದರು. ಅವಳು ಗುಂಪಿಗೆ ಹೊಡೆಯಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದ ಗೆಳತಿಗೆ ಮೆಲ್ಲಗೆ ತಳ್ಳಿದಳು. ಇಬ್ಬರು ಡಿಫೆಂಡರ್‌ಗಳು ಆ ಗೆಳತಿಯ ಕಡೆ ಓಡಿದರು, ಉಳಿದವರೂ ಅವರ ಹಿಂದೆ ಮುಂದಕ್ಕೆ ಬಂದರು. ಗೆಳತಿ ತಕ್ಷಣ ಚೆಂಡನ್ನು ಮತ್ತೆ ನನ್ನ ಮಗಳಿಗೇ ಕೊಟ್ಟಳು. ಇವಳು ಇನ್ನೂ ಬಾವುಟದ ಹತ್ತಿರವೇ ಇದ್ದಳು. ಎರಡು ಹೆಜ್ಜೆ ಒಳಗೆ ಬಂದು ಗೋಲಿನ ಮುಂದಕ್ಕೆ ಹೊಡೆದಳು, ಇನ್ನೊಬ್ಬಳು ಕಾಲು ಕೊಟ್ಟಳು, ಗೋಲ್! ನಾವೆಲ್ಲ ಕುರ್ಚಿ ಬಿಟ್ಟು ಎದ್ದೆವು. ನನ್ನ ಕಾಫಿ ಚೆಲ್ಲಿತು.

ಆಗ ಶಿಳ್ಳೆ ಕೇಳಿಸ್ತು. ರೆಫರಿ ಹುಡುಗಿ ಒಂದು ಕೈಯನ್ನು ನೇರ ಮೇಲಕ್ಕೆ ಎತ್ತಿ ನಿಂತಿದ್ದಳು. ಆಫ್‌ಸೈಡ್ ಅಂತೆ. ಗೋಲ್ ಇಲ್ಲವಂತೆ.

ನಾನು ಹಿಂದಿನ ವಾರ ಫೋನಲ್ಲಿ ಒಂದು ನಿಮಿಷದ ವಿಡಿಯೊ ನೋಡಿದ್ದೆ. ಗೋಲ್ ಕಿಕ್, ಥ್ರೋ ಇನ್, ಕಾರ್ನರ್ ಕಿಕ್, ಈ ಮೂರಕ್ಕೆ ಆಫ್‌ಸೈಡ್ ಇಲ್ಲ ಅಂತ ಅದರಲ್ಲಿ ಹೇಳಿದ್ದರು. ಅದೊಂದು ವಾಕ್ಯ ಇಟ್ಟುಕೊಂಡು ನಾನು ಗೆರೆಯ ತನಕ ಹೋದೆ. 'ಕಾರ್ನರ್‌ಗೆ ಆಫ್‌ಸೈಡ್ ಇಲ್ಲ! ರೂಲ್ಸ್ ಓದಿದ್ದೀಯಾ ನೀನು?' ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗಿದೆ. ನನ್ನ ಹಿಂದೆ ಇನ್ನಿಬ್ಬರು ಅಪ್ಪಂದಿರು ದನಿಗೂಡಿಸಿದರು. ಅವರಿಗೆ ರೂಲ್ಸ್ ಗೊತ್ತಿತ್ತೋ ಇಲ್ಲವೋ, ನಾನು ಅಷ್ಟು ಧೈರ್ಯವಾಗಿ ಕೂಗ್ತಿದ್ದೀನಿ ಅಂದರೆ ಸರಿ ಇರಬೇಕು ಅಂದುಕೊಂಡಿರಬೇಕು. ಅಲ್ಪವಿದ್ಯಾ ಮಹಾಗರ್ವಿ ಅಂತ ಅಜ್ಜಿ ಹೇಳ್ತಾ ಇದ್ದದ್ದು ಇಂಥವರಿಗೇ.

ಹುಡುಗಿ ಏನೂ ಮಾತಾಡಲಿಲ್ಲ. ಕಿವಿ, ಕೆನ್ನೆ ಎಲ್ಲ ಕೆಂಪಾಯ್ತು. ಆದರೆ ಎತ್ತಿದ ಕೈ ಇಳಿಸಲಿಲ್ಲ. ಎದುರು ತಂಡದವರು ಚೆಂಡು ಒದ್ದು, ಅದು ಇನ್ನೊಬ್ಬರಿಗೆ ತಗುಲೋ ತನಕ ಆ ಕೈ ಮೇಲೇ ಇತ್ತು, ಸ್ವಲ್ಪ ನಡುಗ್ತಿತ್ತು. ನನಗೆ ಅದು ಹಟ ಅನ್ನಿಸ್ತು. ಅದು ನಿಯಮ ಅಂತ ಆಮೇಲೆ ಗೊತ್ತಾಯ್ತು. ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟಾಗ ರೆಫರಿ ಹಾಗೇ ಕೈ ಎತ್ತಿ ಹಿಡಿದಿರಬೇಕು.

ಪಂದ್ಯ 1-1ಕ್ಕೇ ಮುಗೀತು. ಪಾರ್ಕಿಂಗ್‌ನಲ್ಲಿ ನಮ್ಮ ಕಾರಿನಿಂದ ಮೂರನೇ ಕಾರಿನ ಹಿಂದಿನ ಸೀಟಲ್ಲಿ ಆ ಹುಡುಗಿ ಕೂತಿದ್ದಳು. ಅವಳ ಅಮ್ಮ ಬಾಗಿಲು ಹಿಡಿದು ನಿಂತಿದ್ದರು. ಹುಡುಗಿ ಟೀ ಶರ್ಟಿನ ತೋಳಲ್ಲಿ ಕಣ್ಣು ಒರೆಸಿಕೊಳ್ತಿದ್ದಳು. ನಮ್ಮ ಕಾರಲ್ಲಿ ಮಗಳು ಬೆಲ್ಟ್ ಹಾಕಿಕೊಂಡು ಕಿಟಕಿ ಕಡೆ ತಿರುಗಿದಳು.

'ಅಮ್ಮಾ, ಕೋಚ್ ಹೇಳಿದ್ರು. ರೆಫ್ ಕೊಟ್ಟಿದ್ದೇ ಸರಿಯಂತೆ. ನಾನು ಆಫ್‌ಸೈಡ್ ಇದ್ದೆನಂತೆ.'

ನಾನು ಸುಮ್ಮನಿದ್ದೆ.

'ನೀನು ಮುಂದಿನ ವಾರ ಬರಬೇಡ.'

ಆ ರಾತ್ರಿ ಓದಿದ್ದು

ಮಗಳು ಮಲಗಿದ ಮೇಲೆ ನಿಯಮದ ಪುಸ್ತಕ ತೆರೆದೆ. ಸಾಕರ್‌ನ ನಿಯಮ ಬರೆಯೋದು ಐಎಫ್‌ಎಬಿ ಅನ್ನೋ ಮಂಡಳಿ, 1886ರಿಂದ ಇದೆ. ಒಟ್ಟು ನಿಯಮ 17. ಆಫ್‌ಸೈಡ್ 11ನೆಯದು, ಕಾರ್ನರ್ ಕಿಕ್ ಕೊನೆಯದು. ಪುಸ್ತಕ ಫೋನಲ್ಲೇ ಪುಕ್ಕಟೆ ಓದಬಹುದು. ಆಫ್‌ಸೈಡ್‌ನ ಪಾಠ ಉದ್ದವೇನೂ ಇಲ್ಲ. ನಾನು ನೋಡಿದ ವಿಡಿಯೊ ಸುಳ್ಳು ಹೇಳಿರಲಿಲ್ಲ, ಅರ್ಧ ಹೇಳಿತ್ತು. ಉಳಿದರ್ಧ ನಾನು ಊಹೆ ಮಾಡಿಕೊಂಡಿದ್ದೆ.

ನಿಮ್ಮ ಮಕ್ಕಳೂ ಆಡ್ತಿದ್ದರೆ, ಅಥವಾ ವೀಕೆಂಡಲ್ಲಿ ನೀವೇ ಆಫೀಸ್ ತಂಡದಲ್ಲಿ ಆಡ್ತಿದ್ದರೆ, ಒಂದು ಕಾಫಿ ಕುಡಿಯೋ ಹೊತ್ತಲ್ಲಿ ಅರ್ಥ ಆಗೋ ಹಾಗೆ ಹೇಳ್ತೀನಿ.

ಮೊದಲು ಒಂದು ಫೋಟೊ ಕಲ್ಪಿಸಿಕೊಳ್ಳಿ. ನಿಮ್ಮ ತಂಡದ ಒಬ್ಬರು ಚೆಂಡನ್ನು ಮುಟ್ಟಿದ ಕ್ಷಣದಲ್ಲಿ ಕ್ಲಿಕ್. ಆ ಫೋಟೊದಲ್ಲಿ ನೀವು ಎಲ್ಲಿದ್ದೀರಿ ಅನ್ನೋದೇ ಲೆಕ್ಕ. ಚೆಂಡು ನಿಮ್ಮ ಹತ್ತಿರ ಬಂದಾಗ ಎಲ್ಲಿದ್ದಿರಿ ಅನ್ನೋದಲ್ಲ. ಫೋಟೊದಲ್ಲಿ ಮೂರು ವಿಷಯ ನೋಡಬೇಕು. ನೀವು ಎದುರಾಳಿಯ ಅರ್ಧ ಮೈದಾನದಲ್ಲಿದ್ದೀರಾ? ಚೆಂಡಿಗಿಂತ ಮುಂದೆ, ಅಂದರೆ ಎದುರಾಳಿಯ ಗೋಲಿನ ಗೆರೆಗೆ ಹೆಚ್ಚು ಹತ್ತಿರ ಇದ್ದೀರಾ? ಎದುರು ತಂಡದಲ್ಲಿ ಕೊನೆಯಿಂದ ಎರಡನೆಯವರಿಗಿಂತಲೂ ಮುಂದೆ ಇದ್ದೀರಾ? ಮೂರಕ್ಕೂ ಹೌದು ಅಂದರೆ ಮಾತ್ರ ನೀವು ಆಫ್‌ಸೈಡ್ ಜಾಗದಲ್ಲಿದ್ದೀರಿ. ಒಂದಕ್ಕೆ ಇಲ್ಲ ಅಂದರೂ ಸಾಕು, ನೀವು ಸರಿ. ಸಮಸಮ ಇದ್ದರೂ ಸರಿ. ಕೈ, ತೋಳು ಲೆಕ್ಕಕ್ಕಿಲ್ಲ; ತಲೆ, ಮೈ, ಕಾಲು ಮಾತ್ರ.

ಕೊನೆಯವರು ಸಾಮಾನ್ಯವಾಗಿ ಗೋಲ್‌ಕೀಪರ್ ಆಗಿರುತ್ತಾರೆ. ಹಾಗಾಗಿ 'ಕೊನೆಯ ಡಿಫೆಂಡರ್‌ಗಿಂತ ಮುಂದೆ' ಅಂತ ಜನ ಸುಲಭ ಮಾಡಿ ಹೇಳ್ತಾರೆ. ಕೀಪರ್ ಓಡಿ ಮುಂದೆ ಬಂದುಬಿಟ್ಟಿದ್ದರೆ ಆ ಸುಲಭದ ಮಾತು ತಪ್ಪಾಗುತ್ತೆ. ಆಗಲೂ ಎಣಿಸಬೇಕಾದ್ದು ಕೊನೆಯಿಂದ ಇಬ್ಬರನ್ನೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆಫ್‌ಸೈಡ್ ಜಾಗದಲ್ಲಿ ನಿಲ್ಲೋದು ತಪ್ಪೇ ಅಲ್ಲ. ಅಲ್ಲಿಂದ ಚೆಂಡು ಮುಟ್ಟಿದರೆ, ಕೀಪರ್‌ನ ಕಣ್ಣಿಗೆ ಅಡ್ಡ ನಿಂತರೆ, ಎದುರಾಳಿಗೆ ಆಡೋಕೆ ಬಿಡದಿದ್ದರೆ, ಕಂಬಕ್ಕೋ ಕೀಪರ್‌ಗೋ ಬಡಿದು ವಾಪಸ್ ಬಂದ ಚೆಂಡನ್ನು ಆಡಿದರೆ, ಆಗ ತಪ್ಪು. ಸುಮ್ಮನೆ ನಿಂತು ಶೂ ಲೇಸ್ ಕಟ್ಟಿಕೊಳ್ತಿದ್ದರೆ ಅಲ್ಲ. 'ರೆಫ್, ಅವನು ಅಲ್ಲೇ ನಿಂತಿದ್ದಾನೆ ನೋಡಿ!' ಅಂತ ಗೆರೆ ಪಕ್ಕ ಕೂಗೋ ನಾವು, ಬಹಳ ಸಲ ಇನ್ನೂ ಆಗದೇ ಇರೋ ತಪ್ಪಿಗೆ ಕೂಗ್ತಿರ್ತೀವಿ.

ವಿನಾಯಿತಿ ಒಂದೇ ಒಂದು ಚೆಂಡಿಗೆ

ಈಗ ನಿಂತ ಆಟ ಮತ್ತೆ ಶುರುವಾಗೋ ವಿಷಯ. ಸಾಕರ್‌ನಲ್ಲಿ ಆಟ ನಿಂತರೆ ಕಿಕ್ ಆಫ್, ಫ್ರೀ ಕಿಕ್, ಪೆನಾಲ್ಟಿ, ಥ್ರೋ ಇನ್, ಗೋಲ್ ಕಿಕ್, ಕಾರ್ನರ್ ಕಿಕ್, ಡ್ರಾಪ್ ಬಾಲ್ ಇವುಗಳಲ್ಲಿ ಒಂದರಿಂದ ಮತ್ತೆ ಶುರುವಾಗುತ್ತೆ. ಇವುಗಳಲ್ಲಿ ಮೂರಕ್ಕೆ ಮಾತ್ರ ವಿನಾಯಿತಿ: ಥ್ರೋ ಇನ್, ಗೋಲ್ ಕಿಕ್, ಕಾರ್ನರ್ ಕಿಕ್. ನೆನಪಿಟ್ಟುಕೊಳ್ಳೋಕೆ ನಾನು ಮಾಡಿಕೊಂಡ ಸೂತ್ರ ಇದು. ಚೆಂಡು ಪಕ್ಕದ ಗೆರೆಯನ್ನೋ ಗೋಲಿನ ಗೆರೆಯನ್ನೋ ದಾಟಿ ಹೊರಗೆ ಹೋಗಿದ್ದಕ್ಕೆ ಸಿಗೋ ಮೂರು ಮರುಶುರುಗಳಿಗೆ ಆಫ್‌ಸೈಡ್ ಇಲ್ಲ. ಯಾರಾದರೂ ತಪ್ಪು ಮಾಡಿದ್ದಕ್ಕೆ ಸಿಗೋ ಫ್ರೀ ಕಿಕ್‌ಗೆ ಆಫ್‌ಸೈಡ್ ಇದೆ.

ಆದರೆ ನಿಯಮದಲ್ಲಿ ಒಂದು ಪದ ಇದೆ, ನನ್ನ ವಿಡಿಯೊದಲ್ಲಿ ಅದಿರಲಿಲ್ಲ. 'ನೇರವಾಗಿ.' ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ಚೆಂಡು ನೇರವಾಗಿ ನಿಮಗೆ ಬಂದರೆ ಆಫ್‌ಸೈಡ್ ಇಲ್ಲ. ನಡುವೆ ನಿಮ್ಮ ತಂಡದ ಇನ್ನೊಬ್ಬರು ಮುಟ್ಟಿದರೋ, ಅಲ್ಲಿಗೆ ಹೊಸ ಫೋಟೊ, ಹೊಸ ಲೆಕ್ಕ. ವಿನಾಯಿತಿ ಮುಗೀತು.

ಕ್ರಿಕೆಟ್ ಭಾಷೆಯಲ್ಲಿ ಹೇಳಿದರೆ ಇದು ಫ್ರೀ ಹಿಟ್ ಇದ್ದ ಹಾಗೆ. ಆ ಒಂದು ಎಸೆತಕ್ಕೆ ಬೌಲ್ಡ್ ಇಲ್ಲ, ಕ್ಯಾಚ್ ಇಲ್ಲ. ಹಾಗಂತ ಬ್ಯಾಟ್ ಬಿಸಾಕಿ ಪಿಚ್ ಮಧ್ಯೆ ಅಡ್ಡಾಡಿದರೆ ರನ್ ಔಟ್ ಮಾಡ್ತಾರೆ. ಮುಂದಿನ ಎಸೆತಕ್ಕಂತೂ ಎಲ್ಲ ನಿಯಮವೂ ವಾಪಸ್. 'ಫ್ರೀ ಹಿಟ್ ಇತ್ತಲ್ಲ' ಅಂತ ಮುಂದಿನ ಬಾಲಿಗೂ ವಾದ ಮಾಡಿದರೆ ಅಂಪೈರ್ ನಗ್ತಾರೆ. ನಾನು ಆ ಶನಿವಾರ ಮಾಡಿದ್ದು ಅದನ್ನೇ. ವ್ಯತ್ಯಾಸ ಅಂದರೆ ನನ್ನ ಅಂಪೈರ್ ನಗಲಿಲ್ಲ.

ಈಗ ಮಗಳ ಕಾರ್ನರ್ ಮತ್ತೆ ನೋಡಿ. ಚೆಂಡು ಮೂಲೆಯಲ್ಲಿ, ಹೆಚ್ಚುಕಮ್ಮಿ ಗೋಲಿನ ಗೆರೆಯ ಮೇಲೇ ಇದೆ. ಚೆಂಡಿಗಿಂತ ಮುಂದೆ ನಿಲ್ಲೋಕೆ ಜಾಗವೇ ಇಲ್ಲ ಅನ್ನಬಹುದು. ಹಾಗಾಗಿ ಮೊದಲ ಒದೆತಕ್ಕೆ ವಿನಾಯಿತಿ ಕೊಟ್ಟಿದ್ದು ಸಹಜವಾಗೇ ಇದೆ. ಅವಳು ಗೆಳತಿಗೆ ತಳ್ಳಿದಾಗ ಚೆಂಡು ಗೆರೆಯಿಂದ ಹಿಂದಕ್ಕೆ ಬಂತು. ಗೆಳತಿ ಚೆಂಡು ಮುಟ್ಟಿದ ಕ್ಷಣದಲ್ಲಿ ಎರಡನೇ ಫೋಟೊ. ಅದರಲ್ಲಿ ನನ್ನ ಮಗಳು ಎಲ್ಲಿದ್ದಾಳೆ? ಬಾವುಟದ ಪಕ್ಕ. ಚೆಂಡಿಗಿಂತ ಮುಂದೆ. ಡಿಫೆಂಡರ್‌ಗಳೆಲ್ಲ ಮುಂದಕ್ಕೆ ಓಡಿ ಬಂದಿದ್ದಾರೆ, ಗೋಲಿನ ಗೆರೆಯ ಹತ್ತಿರ ಉಳಿದಿರೋದು ಕೀಪರ್ ಒಬ್ಬಳೇ. ಮೂರಕ್ಕೂ ಹೌದು. ಆ ಚೆಂಡನ್ನು ಅವಳು ಆಡಿದಳು. ಆಫ್‌ಸೈಡ್.

ಇದು ಮಕ್ಕಳ ಪಂದ್ಯಗಳಲ್ಲಿ ಪದೇ ಪದೇ ಆಗೋ ತಪ್ಪು. ಶಾರ್ಟ್ ಕಾರ್ನರ್ ಒದ್ದವರು ಒದ್ದ ಜಾಗದಲ್ಲೇ ನಿಂತು ಚೆಂಡು ವಾಪಸ್ ಕೇಳ್ತಾರೆ. ಒದ್ದ ತಕ್ಷಣ ಚೆಂಡಿನ ಹಿಂದಕ್ಕೆ ಓಡಿ ಬಂದರೆ ತೊಂದರೆ ಇಲ್ಲ. ಒಬ್ಬ ಡಿಫೆಂಡರ್ ಗೋಲ್ ಕಂಬಕ್ಕೆ ಒರಗಿಕೊಂಡು ಗೆರೆ ಮೇಲೇ ಉಳಿದಿದ್ದರೂ ನನ್ನ ಮಗಳು ಬಚಾವಾಗ್ತಿದ್ದಳು. ಆಗ ಕೊನೆಯಿಂದ ಎರಡನೆಯವರು ಅವರೇ ಆಗ್ತಿದ್ದರು. ಅದನ್ನೆಲ್ಲ ಆ ಒಂದು ಸೆಕೆಂಡಿನಲ್ಲಿ, ಬಾವುಟ ಹಿಡಿದ ಸಹಾಯಕರಿಲ್ಲದೆ, ಒಬ್ಬಳೇ ನೋಡಿ ಸರಿಯಾಗಿ ತೀರ್ಮಾನ ಮಾಡಿದ್ದು ಆ 14 ವರ್ಷದ ಹುಡುಗಿ. ನಾನು ಇದನ್ನು ಅಡುಗೆಮನೆ ಟೇಬಲ್ ಮೇಲೆ ಬೇಳೆಕಾಳು ಜೋಡಿಸಿ ಮೂರು ಸಲ ಆಡಿಸಿ ನೋಡಿದ ಮೇಲೆ ಅರ್ಥ ಮಾಡಿಕೊಂಡೆ. ಕಡಲೆಬೇಳೆ ನಮ್ಮ ತಂಡ, ಹೆಸರುಬೇಳೆ ಅವರದು.

ನಾವು ಎಡವೋ ಉಳಿದ ಜಾಗಗಳು

ಥ್ರೋ ಇನ್‌ನಲ್ಲೂ ಇದೇ ಕತೆ. ನಿಮ್ಮ ಹುಡುಗ ಡಿಫೆಂಡರ್‌ಗಳನ್ನೆಲ್ಲ ದಾಟಿ ಗೋಲಿನ ಹತ್ತಿರ ನಿಂತಿದ್ದಾನೆ, ಚೆಂಡು ಎಸೆದದ್ದು ನೇರ ಅವನಿಗೆ ಬಂತು. ಆಫ್‌ಸೈಡ್ ಇಲ್ಲ. ಎಸೆದದ್ದು ಮೊದಲು ಗೆಳೆಯನ ಮೊಣಕಾಲಿಗೆ ತಾಗಿ ಅವನಿಗೆ ಬಂತು. ಈಗ ಆಫ್‌ಸೈಡ್. ನೋಡೋರಿಗೆ ಎರಡೂ ಒಂದೇ ಥರ ಕಾಣ್ತವೆ. ಜಗಳ ಆಗೋದು ಇಲ್ಲೇ.

ಗೋಲ್ ಕಿಕ್‌ಗೂ ಗೋಲ್‌ಕೀಪರ್ ಒದೆಯೋದಕ್ಕೂ ವ್ಯತ್ಯಾಸ ಇದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಎದುರಾಳಿ ಹೊಡೆದ ಚೆಂಡು ಗೋಲ್ ಪಕ್ಕದಿಂದ ಗೆರೆ ದಾಟಿದಾಗ ನೆಲದ ಮೇಲೆ ಇಟ್ಟು ಒದೆಯೋದು ಗೋಲ್ ಕಿಕ್. ಅದಕ್ಕೆ ವಿನಾಯಿತಿ. ಆಟ ನಡೀತಿರುವಾಗ ಕೀಪರ್ ಚೆಂಡು ಹಿಡಿದು ಕೈಯಿಂದ ಬಿಟ್ಟು ಒದ್ದರೆ, ಅಥವಾ ಎಸೆದರೆ, ಅದು ಗೋಲ್ ಕಿಕ್ ಅಲ್ಲ. ಆಟ ನಿಂತೇ ಇರಲಿಲ್ಲವಲ್ಲ. ಅದಕ್ಕೆ ಆಫ್‌ಸೈಡ್ ಇದೆ.

ಫ್ರೀ ಕಿಕ್ ವಿಚಾರದಲ್ಲಿ ಮಕ್ಕಳು ತುಂಬಾ ಮೋಸ ಹೋಗ್ತಾರೆ. ಆಟ ನಿಂತಿದೆ, ಎಲ್ಲರೂ ಆರಾಮಾಗಿ ಜಾಗ ಹುಡುಕ್ತಿದ್ದಾರೆ, ಕಾರ್ನರ್ ಥರವೇ ಕಾಣುತ್ತೆ. ಹಾಗಾಗಿ ಡಿಫೆಂಡರ್‌ಗಳ ಹಿಂದೆ ಹೋಗಿ ನಿಂತುಬಿಡ್ತಾರೆ. ಒದ್ದ ಕ್ಷಣದಲ್ಲಿ ಅಲ್ಲೇ ಇದ್ದು ಆ ಚೆಂಡು ಆಡಿದರೆ ಆಫ್‌ಸೈಡ್. ಕಿಕ್ ಆಫ್‌ನಲ್ಲಿ ಒದೆಯೋರನ್ನು ಬಿಟ್ಟು ಎಲ್ಲರೂ ತಮ್ಮ ತಮ್ಮ ಅರ್ಧದಲ್ಲಿರಬೇಕು, ಪೆನಾಲ್ಟಿಯಲ್ಲಿ ಒದೆಯೋರ ತಂಡದವರು ಚೆಂಡಿನ ಹಿಂದೆ ಇರಬೇಕು. ಆದ್ದರಿಂದ ಅಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಏಳೋದೇ ಇಲ್ಲ.

ಈ ವಿನಾಯಿತಿಗಳು ಒಂದೇ ದಿನ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ 1863ರಲ್ಲಿ ಮೊದಲ ನಿಯಮ ಬರೆದಾಗ ಚೆಂಡಿಗಿಂತ ಮುಂದಿದ್ದವರೆಲ್ಲ ಆಟದಿಂದ ಹೊರಗೆ ಅಂತಲೇ ಇತ್ತು, ರಗ್ಬಿ ಥರ. ಆಗಲೂ ಗೋಲಿನ ಗೆರೆಯ ಹಿಂದಿನಿಂದ ಒದ್ದ ಚೆಂಡಿಗೆ ಮಾತ್ರ ಬಿಟ್ಟಿದ್ದರು. ಇಲ್ಲದಿದ್ದರೆ ಒದೆಯೋರು ಬಿಟ್ಟು ಮಿಕ್ಕವರೆಲ್ಲ ಆಫ್‌ಸೈಡ್ ಆಗ್ತಿದ್ದರು! 1866ರಲ್ಲಿ ಮೂವರು ಎದುರಾಳಿಗಳು ನಿಮ್ಮ ಮುಂದಿದ್ದರೆ ಸರಿ ಅಂದರು. 1882ರಲ್ಲಿ ಕಾರ್ನರ್‌ಗೆ, 1920ರಲ್ಲಿ ಥ್ರೋ ಇನ್‌ಗೆ ವಿನಾಯಿತಿ ಸಿಕ್ತು. 1925ರಲ್ಲಿ ಮೂವರು ಇಬ್ಬರಾದರು. ಸಮಸಮ ಇದ್ದರೆ ಸರಿ ಅಂತ ಆಗಿದ್ದು 1990ರಲ್ಲಿ. ಅಂದರೆ ನನ್ನ ವಯಸ್ಸಿನವರು ಹುಟ್ಟೋ ಹೊತ್ತಿಗೂ ಇದು ಬದಲಾಗ್ತಾನೇ ಇತ್ತು.

ಅಮೆರಿಕದಲ್ಲಿ ಅಪ್ಪ ಅಮ್ಮಂದಿರು ಗೊಂದಲ ಆಗೋಕೆ ಇನ್ನೊಂದು ಕಾರಣ ಇದೆ. ವಯಸ್ಸಿನ ಪ್ರಕಾರ ನಿಯಮ ಬದಲಾಗುತ್ತೆ. 8 ವರ್ಷದೊಳಗಿನವರು ನಾಲ್ಕು ನಾಲ್ಕು ಮಂದಿ ಆಡ್ತಾರೆ. ಅವರಿಗೆ ಕೀಪರೂ ಇಲ್ಲ, ಆಫ್‌ಸೈಡೂ ಇಲ್ಲ. 10 ವರ್ಷದೊಳಗೆ ಏಳೇಳು ಮಂದಿ. ಆ ಮೈದಾನದಲ್ಲಿ ನಡುಗೆರೆಗೂ ಗೋಲಿನ ಮುಂದಿನ ಚೌಕಕ್ಕೂ ಮಧ್ಯೆ ಬಿಲ್ಡ್ ಔಟ್ ಲೈನ್ ಅಂತ ಇನ್ನೊಂದು ಗೆರೆ ಇರುತ್ತೆ. ಗೋಲ್ ಕಿಕ್ ಆಗುವಾಗ ಎದುರಾಳಿಗಳು ಆ ಗೆರೆಯ ಆಚೆ ಹೋಗಬೇಕು, ಮಕ್ಕಳು ಹೆದರದೆ ಪಾಸ್ ಕೊಟ್ಟು ಆಡೋದು ಕಲೀಲಿ ಅಂತ. ಆಫ್‌ಸೈಡ್ ಲೆಕ್ಕ ಶುರುವಾಗೋದೂ ಆ ಗೆರೆಯಿಂದ, ನಡುಗೆರೆಯಿಂದ ಅಲ್ಲ. 11ಕ್ಕೆ ಬಂದರೆ ಒಂಬತ್ತೊಂಬತ್ತು ಮಂದಿ, ಬಿಲ್ಡ್ ಔಟ್ ಲೈನ್ ಮಾಯ, ನಡುಗೆರೆಯಿಂದಲೇ ಪೂರ್ತಿ ಆಫ್‌ಸೈಡ್. ನನ್ನ ಮಗಳು ಆ ಸೀಸನ್ನಿನಲ್ಲೇ ಅಂಡರ್ ಇಲೆವೆನ್‌ಗೆ ಬಂದಿದ್ದಳು. ಮಕ್ಕಳಿಗೆ ಕೋಚ್ ಹೇಳಿಕೊಟ್ಟಿದ್ದರು. ಕುರ್ಚಿಯಲ್ಲಿ ಕೂತ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಬೆಂಗಳೂರಲ್ಲಿ ಟರ್ಫ್ ಬುಕ್ ಮಾಡಿ ಐದೈದು ಜನ ಆಡೋ ನನ್ನ ತಮ್ಮನಿಗೆ ಇದನ್ನೆಲ್ಲ ಹೇಳಿದೆ. 'ನಮ್ಮಲ್ಲಿ ಆಫ್‌ಸೈಡೇ ಇಲ್ಲ ಅಕ್ಕ' ಅಂದ. ನಿಜ, ಫುಟ್‌ಸಾಲ್ ನಿಯಮದಲ್ಲಿ ಆಫ್‌ಸೈಡ್ ಇಲ್ಲ, ಸಣ್ಣ ಟರ್ಫ್‌ಗಳಲ್ಲೂ ಸಾಮಾನ್ಯವಾಗಿ ಅದನ್ನು ಬಿಟ್ಟೇ ಆಡ್ತಾರೆ. ಅಲ್ಲಿ ಕಲಿತ ಹುಡುಗರು ದೊಡ್ಡ ಮೈದಾನಕ್ಕೆ ಹೋದಾಗ ಮೊದಲ ತಿಂಗಳು ಬರೀ ಶಿಳ್ಳೆ ಕೇಳ್ತಾರೆ.

ಕ್ಷಮೆ ಕೇಳೋದಕ್ಕೆ ನಿಯಮ ಇಲ್ಲ

ಭಾನುವಾರ ಬೆಳಗ್ಗೆ ಕ್ಲಬ್‌ನಲ್ಲಿ ರೆಫರಿಗಳನ್ನು ನೋಡಿಕೊಳ್ಳೋರಿಗೆ ಮೇಲ್ ಬರೆದೆ. ನನ್ನ ಹೆಸರು, ಯಾವ ಪಂದ್ಯ, ನಾನು ಏನಂದೆ, ಯಾಕೆ ಅದು ತಪ್ಪು. ಆ ಹುಡುಗಿಗೂ ಅವಳ ಅಮ್ಮನಿಗೂ ತಲುಪಿಸಿ ಅಂತ ಕೇಳಿಕೊಂಡೆ. 'ಆದರೆ' ಅಂತ ಶುರುವಾಗೋ ವಾಕ್ಯಗಳನ್ನು ಅಳಿಸೋಕೇ ಒಂದು ಗಂಟೆ ಹಿಡೀತು. ಕೊನೆಯ ನಿಮಿಷ ಆಗಿತ್ತು, ಆದರೆ... ಮಕ್ಕಳು ಕಷ್ಟಪಟ್ಟಿದ್ದರು, ಆದರೆ... ಎಲ್ಲ ತೆಗೆದ ಮೇಲೆ ಐದು ಸಾಲು ಉಳೀತು.

ಬುಧವಾರ ಉತ್ತರ ಬಂತು. ಥ್ಯಾಂಕ್ಸ್, ತಲುಪಿಸಿದ್ದೇನೆ ಅಂತ. ಕೆಳಗೆ ಒಂದು ಸಾಲು: ಅದು ಅವಳ ಮೂರನೇ ಪಂದ್ಯವಾಗಿತ್ತು, ಸ್ವಲ್ಪ ದಿನ ಬಿಡುವು ಬೇಕು ಅಂದಿದ್ದಾಳೆ.

ಆ ಸಾಲು ಓದಿ ಮೀಟಿಂಗ್‌ನಲ್ಲಿ ಕೂತಿದ್ದವಳು ಕ್ಯಾಮೆರಾ ಆಫ್ ಮಾಡಿಕೊಂಡೆ. ಇಲ್ಲಿ ಸಣ್ಣ ಮಕ್ಕಳ ಪಂದ್ಯಗಳಿಗೆ ಶಿಳ್ಳೆ ಹಿಡಿಯೋರಲ್ಲಿ ಬಹಳಷ್ಟು ಜನ ಹೈಸ್ಕೂಲ್ ಮಕ್ಕಳೇ. ಕೈಖರ್ಚಿಗೆ ಅಂತ ಶನಿವಾರ ಬರ್ತಾರೆ. ಬೈಸಿಕೊಂಡವರು ಬಿಟ್ಟು ಹೋಗ್ತಾರೆ. ಅದಕ್ಕಾಗಿಯೇ ಇಲ್ಲಿನ ಸಾಕರ್ ಫೆಡರೇಷನ್ 2025ರಲ್ಲಿ ರೆಫರಿಗಳನ್ನು ನಿಂದಿಸೋರ ವಿರುದ್ಧ ದೇಶಕ್ಕೆಲ್ಲ ಅನ್ವಯಿಸೋ ಕಠಿಣ ನೀತಿ ತಂದಿದೆ. ನೀತಿ ಇರಲಿ. ನನ್ನ ಮಗಳಿಗೆ 14 ಆದಾಗ, ಅವಳು ಮೊದಲ ಕೆಲಸಕ್ಕೆ ಹೋದ ಮೂರನೇ ದಿನ, ನನ್ನ ವಯಸ್ಸಿನ ಒಬ್ಬ ಹೆಂಗಸು ಎಲ್ಲರ ಮುಂದೆ ಹಾಗೆ ಕೂಗಿದರೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಚಳಿಗಾಲದಲ್ಲಿ ನಾನೇ ರೆಫರಿ ಕೋರ್ಸ್ ಸೇರಿಕೊಂಡೆ. ಆನ್‌ಲೈನ್ ಪಾಠ, ಪರೀಕ್ಷೆ, ದೊಡ್ಡವರಾದ್ದರಿಂದ ಹಿನ್ನೆಲೆ ತಪಾಸಣೆ, ಆಮೇಲೆ ಒಂದು ದಿನ ಮೈದಾನದಲ್ಲಿ ತರಬೇತಿ. ನನ್ನ ಬ್ಯಾಚಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನನಗೆ ಆಂಟಿ ಅನ್ನೋ ವಯಸ್ಸಿನವರು. ಪುಸ್ತಕದಲ್ಲಿ ಅರ್ಥ ಆಗಿದ್ದು ಓಡುವಾಗ ಅರ್ಥ ಆಗಲ್ಲ ಅನ್ನೋದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯ್ತು. ಬಾವುಟ ಹಿಡಿದ ಸಹಾಯಕ ರೆಫರಿ ಸಾಮಾನ್ಯವಾಗಿ ಕೊನೆಯಿಂದ ಎರಡನೇ ಡಿಫೆಂಡರ್‌ನ ನೇರಕ್ಕೆ ಇರಬೇಕು. ಅವರು ಓಡಿದರೆ ಓಡಬೇಕು. ಕಾರ್ನರ್ ಆದಾಗ ಬಾವುಟದ ಹಿಂದೆ ಗೋಲಿನ ಗೆರೆಯ ನೇರಕ್ಕೆ ಹೋಗಿ ನಿಲ್ಲಬೇಕು. ಶಾರ್ಟ್ ಕಾರ್ನರ್ ಆಯ್ತೋ, ತಕ್ಷಣ ಮತ್ತೆ ಡಿಫೆಂಡರ್ ನೇರಕ್ಕೆ ವಾಪಸ್. ಇಬ್ಬರು ಸಹಾಯಕರು ಇದ್ದಾಗಿನ ಕತೆ ಇದು. ಅವಳು ಒಬ್ಬಳೇ ಇದ್ದಳು.

ಏಪ್ರಿಲ್‌ನಲ್ಲಿ ನನಗೆ ಸಹಾಯಕ ರೆಫರಿಯಾಗಿ ನಾಲ್ಕನೇ ಪಂದ್ಯ. ಮೈದಾನಕ್ಕೆ ಹೋದರೆ ಮಧ್ಯದ ರೆಫರಿ ಅವಳು. ಸ್ವಲ್ಪ ಎತ್ತರ ಆಗಿದ್ದಳು. ನನ್ನನ್ನು ಗುರುತು ಹಿಡಿದಳು ಅನ್ನೋದು ಮುಖದಲ್ಲೇ ಗೊತ್ತಾಯ್ತು. ನಾನು ಅಲ್ಲೇ ಮತ್ತೊಮ್ಮೆ ಸಾರಿ ಕೇಳಿದೆ. 'ಮೇಲ್ ಓದಿದೆ' ಅಂದಳು. ಅಷ್ಟೇ. ಆಮೇಲೆ ಪಂದ್ಯದ ಮುಂಚೆ ರೆಫರಿ ಸಹಾಯಕರಿಗೆ ಹೇಳಬೇಕಾದ್ದನ್ನೆಲ್ಲ ವರದಿ ಒಪ್ಪಿಸೋ ಥರ ಹೇಳಿದಳು. ಚೆಂಡು ಪೂರ್ತಿ ಗೆರೆ ದಾಟಿದರೆ ಮಾತ್ರ ಬಾವುಟ. ಆಫ್‌ಸೈಡ್‌ಗೆ ಅವಸರ ಬೇಡ, ಚೆಂಡು ಯಾರು ಆಡ್ತಾರೆ ನೋಡಿ ಎತ್ತಿ. ಕೊನೆಗೆ, 'ಶಾರ್ಟ್ ಕಾರ್ನರ್ ಆದ್ರೆ, ಒದ್ದವರ ಮೇಲೆ ಒಂದು ಕಣ್ಣಿಡಿ.'

ಅದು ಎಲ್ಲ ಸಹಾಯಕರಿಗೂ ಹೇಳೋ ಮಾತೋ, ನನಗೇ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ಸರಿ ಅಂದೆ.

ಎರಡನೇ ಅರ್ಧದಲ್ಲಿ ನನ್ನ ಕಡೆ ಒಂದು ಥ್ರೋ ಇನ್ ಆಯ್ತು. ಒಬ್ಬ ಹುಡುಗ ಎಲ್ಲರನ್ನೂ ದಾಟಿ ಮುಂದೆ ನಿಂತಿದ್ದ. ಚೆಂಡು ನೇರ ಅವನಿಗೇ ಬಂತು. ನಾನು ಬಾವುಟ ಎತ್ತಲಿಲ್ಲ. ಅವನು ಗೋಲ್ ಹೊಡೆದ. ನನ್ನ ಬೆನ್ನ ಹಿಂದೆ ಒಬ್ಬ ಅಪ್ಪ ಕಾಫಿ ಕಪ್ ಹಿಡಿದುಕೊಂಡೇ ಗೆರೆಯ ತನಕ ಬಂದರು. 'ಒಂದು ಮೈಲಿ ಆಫ್‌ಸೈಡ್ ಇದ್ದ! ಕಣ್ಣು ಕಾಣಲ್ವಾ?'

ನನ್ನ ಕಿವಿ ಬಿಸಿ ಆಯ್ತು. ತಿರುಗಿ ನೋಡಬೇಕು, ಹನ್ನೊಂದನೇ ನಿಯಮ ಓದಿ ಅನ್ನಬೇಕು ಅಂತ ನಾಲಿಗೆ ತುದಿಗೆ ಬಂತು. ರೆಫರಿ ಹುಡುಗಿ ದೂರದಿಂದ ನನ್ನ ಕಡೆ ನೋಡಿದಳು. ನಾನು ಬಾವುಟ ಕೆಳಗೇ ಹಿಡಿದು ನಡುಗೆರೆ ಕಡೆ ಓಡಿದೆ. ಅವಳು ಮಧ್ಯದ ವೃತ್ತದ ಕಡೆ ಕೈ ತೋರಿಸಿದಳು. ಗೋಲ್.

ಆ ಅಪ್ಪ ಪಂದ್ಯ ಮುಗಿಯೋವರೆಗೂ ಗೊಣಗ್ತಾನೇ ಇದ್ದರು. ಹೋದ ಸೆಪ್ಟೆಂಬರ್‌ನಲ್ಲಿ ನಾನು ಹಿಂದಿನಿಂದ ಹೀಗೇ ಕೇಳಿಸಿರಬೇಕು.

ಈಗ ಮಗಳ ಪಂದ್ಯಕ್ಕೆ ಹೋಗೋಕೆ ಮತ್ತೆ ಅನುಮತಿ ಸಿಕ್ಕಿದೆ. ಷರತ್ತು ಒಂದೇ, ಬಾಯಿಬಿಟ್ಟರೆ ಚಪ್ಪಾಳೆಯ ಜೊತೆ ಮಾತ್ರ. ಅವಳು ಶಾರ್ಟ್ ಕಾರ್ನರ್ ಒದ್ದ ತಕ್ಷಣ ಗೆಳತಿಯ ಹಿಂದಕ್ಕೆ ಓಡೋದು ಅಭ್ಯಾಸ ಮಾಡಿಕೊಂಡಿದ್ದಾಳೆ. ನಾನು ಕುರ್ಚಿ ಗೆರೆಯಿಂದ ಮೊದಲಿಗಿಂತ ನಾಲ್ಕು ಹೆಜ್ಜೆ ಹಿಂದಕ್ಕೆ ಹಾಕಿಕೊಳ್ತೀನಿ.